ವಿದ್ಯಾರ್ಥಿನಿಲಯದ ಗಣಕಯಂತ್ರಗಳಲ್ಲಿ ಅಂತರ್ಜಾಲ ಸಂಪರ್ಕ ಕಡಿತಗೊಂಡಾಗ ಅನುಸರಿಸಬೇಕಾದ ಕ್ರಮಗಳು

ಸಾರ್ವಜನಿಕರ ಹಾಗೂ ವಿದ್ಯಾರ್ಥಿಗಳ ಮಾಹಿತಿಗಾಗಿ

1. ಪೀಠಿಕೆ

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ವಿದ್ಯಾರ್ಥಿನಿಲಯ ಪ್ರವೇಶ ಮುಂತಾದ ಸೇವೆಗಳಿಗೆ ಅರ್ಜಿಗಳನ್ನು ಅಂತರ್ಜಾಲದ ಮೂಲಕ ಸ್ವೀಕರಿಸಲಾಗುತ್ತಿದೆ. ಕಾಪು ತಾಲ್ಲೂಕಿನ ಕಟಪಾಡಿ ಮತ್ತು ಸುತ್ತಲಿನ ಊರುಗಳಲ್ಲಿ ತಂಗಿ ಉಡುಪಿ, ಮಣಿಪಾಲ, ಶಿರ್ವ, ಬಂಟಕಲ್ಲು ಮುಂತಾದ ಕಡೆ ವ್ಯಾಸಂಗ ಮಾಡುವ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನಿಲಯದ ಗಣಕಯಂತ್ರವೇ ಈ ಸೇವೆಗಳ ಬಾಗಿಲಾಗಿರುತ್ತದೆ. ಅರ್ಜಿಯ ಕೊನೆಯ ದಿನಗಳಲ್ಲಿ ಸಂಪರ್ಕ ಕಡಿತಗೊಂಡಲ್ಲಿ ಒಂದು ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪುವ ಸಂಭವವಿರುತ್ತದೆ.

2019ರ ಸೆಪ್ಟೆಂಬರ್ 19ರಂದು ಕೇರಳ ಹೈಕೋರ್ಟು, ಕಲ್ಲಿಕೋಟೆ ಜಿಲ್ಲೆಯ ಕಾಲೇಜೊಂದರ ಮಹಿಳಾ ವಿದ್ಯಾರ್ಥಿನಿಲಯದಲ್ಲಿ ಮೊಬೈಲ್ ಬಳಕೆಗೆ ವಿಧಿಸಲಾಗಿದ್ದ ನಿರ್ಬಂಧವನ್ನು ಕುರಿತ ಪ್ರಕರಣದಲ್ಲಿ, ಅಂತರ್ಜಾಲದ ಲಭ್ಯತೆಯು ಶಿಕ್ಷಣದ ಹಕ್ಕು ಹಾಗೂ ಖಾಸಗಿತನದ ಹಕ್ಕಿನ ಭಾಗವೆಂದು ಸಂವಿಧಾನದ 21ನೇ ವಿಧಿಯಡಿ ಅಭಿಪ್ರಾಯಪಟ್ಟಿದೆ. ಆದುದರಿಂದ ನಿಲಯದ ಸಂಪರ್ಕವನ್ನು ಕೇವಲ ಮನರಂಜನೆಯ ಸೌಲಭ್ಯವೆಂದು ಪರಿಗಣಿಸಲಾಗದು.

ಸಂಪರ್ಕ ಕಡಿತದ ಬಹುಪಾಲು ಪ್ರಕರಣಗಳಲ್ಲಿ ದುರಸ್ತಿಗಿಂತ ದೋಷ ಎಲ್ಲಿದೆ ಎಂಬುದನ್ನು ಪತ್ತೆಹಚ್ಚುವುದಕ್ಕೇ ಹೆಚ್ಚು ಸಮಯ ತಗಲುತ್ತದೆ. ದೋಷದ ಸ್ಥಳ ತಿಳಿದಲ್ಲಿ ಯಾರಿಗೆ ದೂರು ನೀಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಈ ಮಾಹಿತಿಯನ್ನು ಅದೇ ಕ್ರಮದಲ್ಲಿ ನೀಡಲಾಗಿದೆ.

2. ಸಂಪರ್ಕದ ನಾಲ್ಕು ಭಾಗಗಳು

ನಿಲಯದ ಗಣಕಯಂತ್ರದಿಂದ ಹೊರಗಿನ ಅಂತರ್ಜಾಲದವರೆಗಿನ ದಾರಿಯನ್ನು ಈ ಕೆಳಕಂಡ ನಾಲ್ಕು ಭಾಗಗಳಾಗಿ ತಿಳಿಯಬಹುದಾಗಿದೆ.

(ಅ) ಗಣಕಯಂತ್ರ ಮತ್ತು ಅದರಲ್ಲಿನ ತಂತ್ರಾಂಶ.
(ಆ) ಗಣಕಯಂತ್ರದಿಂದ ಹೊರಡುವ ಲ್ಯಾನ್ ತಂತಿ ಅಥವಾ ವೈಫೈ.
(ಇ) ನಿಲಯದ ಸ್ವಿಚ್ ಮತ್ತು ರೌಟರ್.
(ಈ) ಸೇವಾದಾರ ಸಂಸ್ಥೆಯ ಒಎನ್‌ಟಿ ಪೆಟ್ಟಿಗೆ ಹಾಗೂ ಕಟ್ಟಡದ ಹೊರಗಿನ ಲೈನು.

(ಅ) ಮತ್ತು (ಆ) ಭಾಗಗಳನ್ನು ವಿದ್ಯಾರ್ಥಿಯೇ ಪರಿಶೀಲಿಸಬಹುದು. (ಇ) ಭಾಗವನ್ನು ನಿಲಯ ಪಾಲಕರ ಅನುಮತಿಯೊಂದಿಗೆ ಮಾತ್ರ ಮುಟ್ಟತಕ್ಕದ್ದು. (ಈ) ಭಾಗದ ದೀಪಗಳನ್ನು ನೋಡಬಹುದೇ ಹೊರತು ಬಿಚ್ಚತಕ್ಕದ್ದಲ್ಲ. ಅದರ ದುರಸ್ತಿ ಸೇವಾದಾರ ಸಂಸ್ಥೆಗೆ ಸೇರಿದ್ದು.

3. ಮೊದಲು ಕೇಳಬೇಕಾದ ಪ್ರಶ್ನೆ

ಯಾವುದೇ ತಂತಿಯನ್ನು ಕೀಳುವ ಮೊದಲು, ಸಂಪರ್ಕವು ಒಂದೇ ಗಣಕಯಂತ್ರದಲ್ಲಿ ಹೋಗಿದೆಯೇ, ಒಂದು ಕೊಠಡಿ ಅಥವಾ ಮಹಡಿಯಲ್ಲಿ ಹೋಗಿದೆಯೇ, ಇಡೀ ನಿಲಯದಲ್ಲಿ ಹೋಗಿದೆಯೇ ಎಂಬುದನ್ನು ವಿಚಾರಿಸಿಕೊಳ್ಳತಕ್ಕದ್ದು.

- ಒಂದೇ ಗಣಕಯಂತ್ರದಲ್ಲಿ ಹೋಗಿದ್ದಲ್ಲಿ ದೋಷವು ಸಾಮಾನ್ಯವಾಗಿ (ಅ) ಅಥವಾ (ಆ) ಭಾಗದಲ್ಲಿರುತ್ತದೆ.
- ಒಂದು ಮಹಡಿಯಲ್ಲಿ ಮಾತ್ರ ಹೋಗಿದ್ದಲ್ಲಿ ಆ ಮಹಡಿಯ ಸ್ವಿಚ್ ಅಥವಾ ಅದಕ್ಕೆ ಬರುವ ತಂತಿಯನ್ನು ನೋಡತಕ್ಕದ್ದು.
- ಇಡೀ ನಿಲಯದಲ್ಲಿ ಹೋಗಿದ್ದಲ್ಲಿ (ಇ) ಅಥವಾ (ಈ) ಭಾಗವನ್ನು ನೋಡತಕ್ಕದ್ದು. ಇಂತಹ ಸಂದರ್ಭದಲ್ಲಿ ಪ್ರತಿಯೊಬ್ಬರೂ ತಮ್ಮ ಗಣಕಯಂತ್ರದ ಹೊಂದಾಣಿಕೆಗಳನ್ನು ಬದಲಿಸಿದರೆ ಹೊಸ ದೋಷಗಳು ಸೇರಿಕೊಳ್ಳುತ್ತವೆ.

4. ತಪಾಸಣೆಯ ಕ್ರಮ

4.1 ತಂತಿ ಮತ್ತು ದೀಪ

ಲ್ಯಾನ್ ತಂತಿಯ ಎರಡೂ ತುದಿಗಳನ್ನು ಒಮ್ಮೆ ತೆಗೆದು, ಟಿಕ್ ಎಂಬ ಸದ್ದು ಬರುವವರೆಗೆ ಒತ್ತಿ ಕೂರಿಸತಕ್ಕದ್ದು. ತಂತಿ ಸೇರುವ ರಂಧ್ರದ ಬಳಿ ಪುಟ್ಟ ದೀಪ ಉರಿಯದಿದ್ದಲ್ಲಿ, ಪಕ್ಕದ ಗಣಕಯಂತ್ರದಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವ ತಂತಿಯನ್ನು ಜೋಡಿಸಿ ನೋಡತಕ್ಕದ್ದು. ದೀಪ ಉರಿದಲ್ಲಿ ಹಳೆಯ ತಂತಿಯಲ್ಲಿ ಅಥವಾ ಅದು ಸೇರುವ ಸ್ವಿಚ್‌ನ ರಂಧ್ರದಲ್ಲಿ ದೋಷವಿದೆ. ಉರಿಯದಿದ್ದಲ್ಲಿ ಗಣಕಯಂತ್ರದ ಲ್ಯಾನ್ ಭಾಗ ಕೆಟ್ಟಿರುವ ಸಂಭವವಿದೆ. ಲ್ಯಾನ್ ತಂತಿಯ ಉದ್ದವು 100 ಮೀಟರ್ ಮೀರತಕ್ಕದ್ದಲ್ಲ. ಬಾಗಿಲ ಸಂದಿಯಲ್ಲಿ ಅಥವಾ ಮಂಚದ ಕಾಲಿನಡಿ ಸಿಕ್ಕಿ ಜಜ್ಜಿದ ತಂತಿಯು ಹೊರಗೆ ಸರಿಯಾಗಿ ಕಂಡರೂ ಒಳಗೆ ತುಂಡಾಗಿರಬಹುದು.

4.2 ವೈಫೈ

ಗಣಕಯಂತ್ರದಲ್ಲಿ ವಿಮಾನದ ಗುರುತು ಚಾಲನೆಯಲ್ಲಿಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ವೈಫೈನ 5 ಗಿಗಾಹರ್ಟ್ಸ್ ತರಂಗವು ವೇಗವಾಗಿದ್ದರೂ ಗೋಡೆಗಳನ್ನು ದಾಟುವಾಗ ಬೇಗ ಕ್ಷೀಣಿಸುತ್ತದೆ, 2.4 ಗಿಗಾಹರ್ಟ್ಸ್ ತರಂಗವು ಹೆಚ್ಚು ದೂರ ತಲುಪುತ್ತದೆ. ಕೆಂಪುಕಲ್ಲಿನ ದಪ್ಪ ಗೋಡೆಗಳಿರುವ ಹಳೆಯ ಕಟ್ಟಡಗಳಲ್ಲಿ ಎರಡನೆಯದನ್ನು ಆರಿಸಿಕೊಳ್ಳುವುದು ಸೂಕ್ತ. ಗುಪ್ತಪದ ಬದಲಾಗಿದ್ದಲ್ಲಿ ಹಳೆಯ ಸಂಪರ್ಕವನ್ನು ಗಣಕಯಂತ್ರದ ಪಟ್ಟಿಯಿಂದ ಅಳಿಸಿ ಹೊಸದಾಗಿ ಸೇರತಕ್ಕದ್ದು.

4.3 ಗಣಕಯಂತ್ರಕ್ಕೆ ವಿಳಾಸ ದೊರೆತಿದೆಯೇ?

ವಿಂಡೋಸ್ ಕೀಲಿ ಮತ್ತು ಆರ್ ಕೀಲಿಯನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಜಾಗದಲ್ಲಿ ಇಂಗ್ಲಿಷಿನ ಸಿ, ಎಂ, ಡಿ ಅಕ್ಷರಗಳನ್ನು ನಮೂದಿಸಿ ಎಂಟರ್ ಒತ್ತಿದಲ್ಲಿ ಕಪ್ಪು ಪರದೆ ಬರುತ್ತದೆ. ಅದರಲ್ಲಿ ಐ, ಪಿ, ಸಿ, ಓ, ಎನ್, ಎಫ್, ಐ, ಜಿ ಎಂಬ ಎಂಟು ಅಕ್ಷರಗಳನ್ನು ಅಂತರವಿಲ್ಲದೆ ಬರೆದು ಎಂಟರ್ ಒತ್ತತಕ್ಕದ್ದು. ಆಗ ಗಣಕಯಂತ್ರದ ಐಪಿ ವಿಳಾಸವೂ ಡೀಫಾಲ್ಟ್ ಗೇಟ್‌ವೇ ಎಂಬ ಸಾಲಿನಲ್ಲಿ ರೌಟರ್‌ನ ವಿಳಾಸವೂ ಕಾಣುತ್ತವೆ.

- ವಿಳಾಸವು 169.254 ಎಂದು ಆರಂಭವಾಗಿದ್ದಲ್ಲಿ ಗಣಕಯಂತ್ರಕ್ಕೆ ರೌಟರ್‌ನಿಂದ ವಿಳಾಸ ದೊರೆತಿಲ್ಲವೆಂದೂ ಅದು ತಾನೇ ಒಂದನ್ನು ಇಟ್ಟುಕೊಂಡಿದೆಯೆಂದೂ ತಿಳಿಯತಕ್ಕದ್ದು. ತಂತಿ, ಸ್ವಿಚ್ ಅಥವಾ ರೌಟರ್‌ನಲ್ಲಿ ದೋಷವಿರುತ್ತದೆ.
- ವಿಳಾಸವು 192.168 ಅಥವಾ 10 ಎಂದು ಆರಂಭವಾಗಿದ್ದಲ್ಲಿ ಸಾಮಾನ್ಯವಾಗಿ ರೌಟರ್‌ನವರೆಗಿನ ದಾರಿ ಸರಿಯಿದೆ.

ಅನಂತರ ಪಿ, ಐ, ಎನ್, ಜಿ ಎಂಬ ಅಕ್ಷರಗಳನ್ನು ಬರೆದು, ಒಂದು ಅಂತರ ಬಿಟ್ಟು ಗೇಟ್‌ವೇ ವಿಳಾಸವನ್ನು ನಮೂದಿಸತಕ್ಕದ್ದು. ಉತ್ತರ ಬಂದಲ್ಲಿ ನಿಲಯದೊಳಗಿನ ದಾರಿ ಸರಿಯಿದೆ. ಅದೇ ರೀತಿ 8.8.8.8 ಎಂಬ ವಿಳಾಸಕ್ಕೂ ಪ್ರಯತ್ನಿಸತಕ್ಕದ್ದು. ಗೇಟ್‌ವೇಯಿಂದ ಉತ್ತರ ಬಂದು ಇಲ್ಲಿಂದ ಬಾರದಿದ್ದಲ್ಲಿ ದೋಷವು ರೌಟರ್‌ನಲ್ಲಿ ಅಥವಾ ಹೊರಗಿನ ಲೈನಿನಲ್ಲಿ ಇರುವ ಸಂಭವವಿದೆ. ಎರಡರಿಂದಲೂ ಉತ್ತರ ಬಂದು ಜಾಲತಾಣಗಳು ಮಾತ್ರ ತೆರೆಯದಿದ್ದಲ್ಲಿ, ಜಾಲತಾಣದ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಂದರೆಯಿರುತ್ತದೆ. ಅದನ್ನು ನಿಲಯ ಪಾಲಕರ ಗಮನಕ್ಕೆ ತರತಕ್ಕದ್ದು. ಕೆಲವು ಸಂಸ್ಥೆಗಳ ಜಾಲಗಳಲ್ಲಿ ಈ ಪರೀಕ್ಷೆಗೆ ತಡೆ ಇರುವುದರಿಂದ, ಉತ್ತರ ಬಾರದ ಮಾತ್ರಕ್ಕೆ ಅಂತಿಮ ನಿರ್ಣಯಕ್ಕೆ ಬರತಕ್ಕದ್ದಲ್ಲ.

4.4 ದಿನಾಂಕ ಮತ್ತು ಹಳೆಯ ತಂತ್ರಾಂಶ

ಇತರ ಎಲ್ಲವೂ ಸರಿಯಿದ್ದು ಸರ್ಕಾರಿ ಜಾಲತಾಣಗಳು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬರುತ್ತಿದ್ದಲ್ಲಿ, ಮೊದಲು ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡತಕ್ಕದ್ದು. ಹಳೆಯ ಗಣಕಯಂತ್ರಗಳ ಮದರ್‌ಬೋರ್ಡಿನಲ್ಲಿ ಸಿಆರ್ 2032 ಎಂಬ ನಾಣ್ಯದಾಕಾರದ 3 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಮುಗಿದಾಗ, ವಿದ್ಯುತ್ ಹೋಗಿ ಬಂದ ಪ್ರತಿ ಸಲವೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಜಾಲತಾಣದ ಭದ್ರತಾ ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ, ತಪ್ಪು ದಿನಾಂಕವಿರುವ ಗಣಕಯಂತ್ರವು ಅದನ್ನು ಒಪ್ಪುವುದಿಲ್ಲ. ದಿನಾಂಕ ಸರಿಪಡಿಸಿದಲ್ಲಿ ತಾಣ ತೆರೆಯುತ್ತದೆ. ಬ್ಯಾಟರಿ ಬದಲಿಸಿದಲ್ಲಿ ದೋಷ ಮರುಕಳಿಸುವುದಿಲ್ಲ.

ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. 2023ರಿಂದ ವಿಂಡೋಸ್ 7ರಲ್ಲಿ ಕ್ರೋಮ್ ಬ್ರೌಸರ್‌ನ ಹೊಸ ಆವೃತ್ತಿಗಳು ನಡೆಯುವುದಿಲ್ಲ. ಇಂತಹ ಗಣಕಯಂತ್ರಗಳಲ್ಲಿ ಕೆಲವು ತಾಣಗಳು ತೆರೆಯದಿರುವುದು ಸಂಪರ್ಕದ ದೋಷವಲ್ಲ.

4.5 ಒಎನ್‌ಟಿ ಪೆಟ್ಟಿಗೆಯ ದೀಪಗಳು

ಬಿಎಸ್‌ಎನ್‌ಎಲ್ ಸಂಸ್ಥೆಯು 2005ರಲ್ಲಿ ಡೇಟಾಒನ್ ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಸಂಪರ್ಕವು ದೂರವಾಣಿಯ ತಾಮ್ರದ ತಂತಿಯ ಮೂಲಕ ಬರುತ್ತಿತ್ತು. ಇಂದಿನ ಹೊಸ ಸಂಪರ್ಕಗಳಲ್ಲಿ ಹೆಚ್ಚಿನವು ಗಾಜಿನ ಎಳೆಯ ಮೂಲಕ, ಅಂದರೆ ಫೈಬರ್ ಮೂಲಕ ಬರುತ್ತವೆ. ಫೈಬರ್ ಬಂದು ಸೇರುವ ಪೆಟ್ಟಿಗೆಯೇ ಒಎನ್‌ಟಿ. ಅದರ ದೀಪಗಳ ಅರ್ಥ ಸಾಮಾನ್ಯವಾಗಿ ಹೀಗಿರುತ್ತದೆ.

- ಪವರ್ ದೀಪ ಉರಿಯದಿದ್ದಲ್ಲಿ: ಅಡಾಪ್ಟರ್, ಪ್ಲಗ್ ಅಥವಾ ವಿದ್ಯುತ್ತಿನ ದೋಷ.
- ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದಲ್ಲಿ ಅಥವಾ ಮಿಣುಕುತ್ತಿದ್ದಲ್ಲಿ: ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ. ಲೈನು ತುಂಡಾಗಿರಬಹುದು ಅಥವಾ ಬಿಗಿಯಾಗಿ ಮಡಚಿಕೊಂಡಿರಬಹುದು.
- ಪಿಒಎನ್ ದೀಪ ಮಿಣುಕುತ್ತಲೇ ಇದ್ದಲ್ಲಿ: ಪೆಟ್ಟಿಗೆಯು ಸಂಸ್ಥೆಯ ಕೇಂದ್ರದೊಂದಿಗೆ ನೋಂದಣಿಯಾಗುತ್ತಿಲ್ಲ.
- ಪಿಒಎನ್ ಸ್ಥಿರವಾಗಿದ್ದು ಇಂಟರ್‌ನೆಟ್ ದೀಪ ಮಾತ್ರ ಉರಿಯದಿದ್ದಲ್ಲಿ: ಬಿಲ್ಲು ಬಾಕಿ, ಖಾತೆಯ ತಡೆ ಅಥವಾ ಹೊಂದಾಣಿಕೆ ಅಳಿಸಿಹೋಗಿರುವ ಸಂಭವ.

ಫೈಬರ್‌ನ ತೆರೆದ ತುದಿಯನ್ನು ಕಣ್ಣಿನ ಎದುರು ಹಿಡಿದು ನೋಡತಕ್ಕದ್ದಲ್ಲ. ಅದರಲ್ಲಿ ಹರಿಯುವ ಲೇಸರ್ ಬೆಳಕು ಕಣ್ಣಿಗೆ ಕಾಣದಿದ್ದರೂ ಹಾನಿ ಮಾಡಬಲ್ಲದು.

4.6 ಪುನಃ ಚಾಲನೆ

ನಿಲಯ ಪಾಲಕರ ಅನುಮತಿ ಪಡೆದು ಎಲ್ಲ ಪೆಟ್ಟಿಗೆಗಳನ್ನು ಅರ್ಧ ನಿಮಿಷ ಆರಿಸಿ, ಮೊದಲು ಒಎನ್‌ಟಿ, ಅದರ ಪಿಒಎನ್ ದೀಪ ಸ್ಥಿರವಾದ ನಂತರ ರೌಟರ್, ಬಳಿಕ ಸ್ವಿಚ್, ಕೊನೆಯಲ್ಲಿ ಗಣಕಯಂತ್ರ ಎಂಬ ಕ್ರಮದಲ್ಲಿ ಚಾಲನೆ ನೀಡತಕ್ಕದ್ದು. ಪೆಟ್ಟಿಗೆಯ ಹಿಂಬದಿಯ ಸೂಜಿರಂಧ್ರದಲ್ಲಿರುವ ರೀಸೆಟ್ ಗುಂಡಿಯನ್ನು ಯಾವ ಕಾರಣಕ್ಕೂ ಒತ್ತತಕ್ಕದ್ದಲ್ಲ. ಅದನ್ನು ಒತ್ತಿದಲ್ಲಿ ಖಾತೆಯ ಹೆಸರು, ಗುಪ್ತಪದ ಮುಂತಾದ ಹೊಂದಾಣಿಕೆಗಳು ಅಳಿಸಿಹೋಗಿ, ಕೆಲವು ನಿಮಿಷಗಳ ತೊಂದರೆಯು ತಂತ್ರಜ್ಞರು ಬರುವವರೆಗೆ ಮುಂದುವರಿಯುತ್ತದೆ.

5. ನಿಲಯಗಳಲ್ಲಿ ವಿಶೇಷವಾಗಿ ಕಂಡುಬರುವ ದೋಷಗಳು

5.1 ಖಾಸಗಿ ರೌಟರ್: ವಿದ್ಯಾರ್ಥಿಯೊಬ್ಬರು ತಮ್ಮ ಕೊಠಡಿಗೆ ವೈಫೈ ಬೇಕೆಂದು ಸ್ವಂತ ರೌಟರನ್ನು ನಿಲಯದ ಲ್ಯಾನ್ ತಂತಿಗೆ ಜೋಡಿಸಿದಲ್ಲಿ, ಆ ರೌಟರ್ ಇತರರ ಗಣಕಯಂತ್ರಗಳಿಗೂ ತಪ್ಪು ವಿಳಾಸಗಳನ್ನು ಹಂಚತೊಡಗಬಹುದು. ಆಗ ಕೆಲವರಿಗೆ ಸಂಪರ್ಕವಿದ್ದು ಕೆಲವರಿಗೆ ಇರುವುದಿಲ್ಲ. ಸಂಪರ್ಕ ಹೋದ ಗಣಕಯಂತ್ರದ ಗೇಟ್‌ವೇ ವಿಳಾಸವು ಇತರರದಕ್ಕಿಂತ ಬೇರೆಯಾಗಿರುವುದೇ ಇದರ ಮುಖ್ಯ ಲಕ್ಷಣ.

5.2 ಸುತ್ತುತಂತಿ: ಒಂದೇ ತಂತಿಯ ಎರಡೂ ತುದಿಗಳನ್ನು ಅರಿಯದೆ ಒಂದೇ ಸ್ವಿಚ್‌ಗೆ ಜೋಡಿಸಿದಲ್ಲಿ ಮಾಹಿತಿಯು ಸುತ್ತುತ್ತಲೇ ಇದ್ದು, ಸ್ವಿಚ್‌ನ ಎಲ್ಲ ದೀಪಗಳೂ ಒಟ್ಟಿಗೆ ಅತಿವೇಗವಾಗಿ ಮಿಣುಕುತ್ತವೆ ಹಾಗೂ ಇಡೀ ನಿಲಯದ ಸಂಪರ್ಕ ನಿಲ್ಲುತ್ತದೆ. ಕೊಠಡಿಯನ್ನು ಗುಡಿಸಿ ಒರೆಸಿದ ದಿನ ಅಥವಾ ಮೇಜುಗಳನ್ನು ಸರಿಸಿದ ದಿನ ಈ ದೋಷ ಕಂಡುಬಂದಲ್ಲಿ ಮೊದಲು ಇದನ್ನೇ ಶಂಕಿಸತಕ್ಕದ್ದು.

5.3 ಒಂದೇ ವಿಳಾಸ ಇಬ್ಬರಿಗೆ: ಕೈಯಿಂದ ಐಪಿ ವಿಳಾಸ ನಮೂದಿಸಿದ ಗಣಕಯಂತ್ರಗಳಲ್ಲಿ ಒಂದೇ ವಿಳಾಸ ಎರಡು ಕಡೆ ಬಂದು ಘರ್ಷಣೆಯ ಸೂಚನೆ ಮೂಡುತ್ತದೆ. ವಿಳಾಸವನ್ನು ತಾನಾಗಿ ಪಡೆಯುವ ಆಯ್ಕೆಯನ್ನು ಇರಿಸಿದಲ್ಲಿ ಸರಿಹೋಗುತ್ತದೆ.

5.4 ವೇಗ ಕಡಿಮೆಯಾಗುವುದು: ಸಂಪರ್ಕವಿದ್ದು ನಿಧಾನವಾಗಿರುವುದನ್ನು ಕಡಿತವೆಂದು ದಾಖಲಿಸತಕ್ಕದ್ದಲ್ಲ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಬೇಕಾದ ಕನಿಷ್ಠ ವೇಗವು 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಇದ್ದು, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿಸಲ್ಪಟ್ಟಿತು. ರಾತ್ರಿ ಊಟದ ನಂತರ ಹಲವರು ಒಟ್ಟಿಗೆ ವಿಡಿಯೋ ನೋಡುವಾಗ ಅರ್ಜಿಯ ಪುಟವು ಅರ್ಧಕ್ಕೆ ನಿಲ್ಲಬಹುದು. ಅರ್ಜಿ ಸಲ್ಲಿಕೆಗೆ ಬೆಳಗಿನ ಹೊತ್ತನ್ನು ಮೀಸಲಿಡುವುದು ಸೂಕ್ತ.

6. ಕರಾವಳಿಯ ಹವಾಮಾನ ಮತ್ತು ಮುನ್ನೆಚ್ಚರಿಕೆ

ಕಟಪಾಡಿಯು ಸಮುದ್ರಕ್ಕೆ ಸಮೀಪದಲ್ಲಿ, ಉಡುಪಿ ಮತ್ತು ಕಾಪುವಿನ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಇಲ್ಲಿನ ದೋಷಗಳಿಗೆ ಹವಾಮಾನವೂ ಒಂದು ಮುಖ್ಯ ಕಾರಣವಾಗಿರುತ್ತದೆ.

ಸಿಡಿಲು: ಏಪ್ರಿಲ್, ಮೇ ಹಾಗೂ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಸಂಜೆಯ ಗುಡುಗು ಸಹಿತ ಮಳೆ ಸಾಮಾನ್ಯ. ಸ್ವಿಚ್ ಆರಿಸಿದರೆ ಸಾಲದು. ವಿದ್ಯುತ್ ಪ್ಲಗ್ ಹಾಗೂ ಲ್ಯಾನ್ ತಂತಿ ಎರಡನ್ನೂ ಕೀಳತಕ್ಕದ್ದು. ಗುಡುಗು ಆರಂಭವಾದ ಮೇಲೆ ಅಲ್ಲ, ಮೋಡ ಕವಿದಾಗಲೇ ಇದನ್ನು ಮಾಡತಕ್ಕದ್ದು. ಗಾಜಿನ ಫೈಬರ್ ವಿದ್ಯುತ್ತನ್ನು ಹರಿಸದಿದ್ದರೂ, ಒಎನ್‌ಟಿಯ ಅಡಾಪ್ಟರ್ ಮೂಲಕವೂ ಕಟ್ಟಡಗಳ ನಡುವೆ ಎಳೆದ ತಾಮ್ರದ ಲ್ಯಾನ್ ತಂತಿಯ ಮೂಲಕವೂ ಆಘಾತ ಒಳಬರುತ್ತದೆ. ಸಿಡಿಲಿನ ಮರುದಿನ ಗಣಕಯಂತ್ರ ನಡೆಯುತ್ತಿದ್ದು ಲ್ಯಾನ್ ಮಾತ್ರ ಸತ್ತಿದ್ದಲ್ಲಿ, ಹೊರಗಿನಿಂದ ಜೋಡಿಸುವ ಯುಎಸ್‌ಬಿ ಲ್ಯಾನ್ ಸಾಧನದಿಂದ ಕೆಲಸ ಮುಂದುವರಿಸಬಹುದಾಗಿದೆ.

ಉಪ್ಪುಗಾಳಿ ಮತ್ತು ತೇವ: ಉಡುಪಿ ಕರಾವಳಿಯಲ್ಲಿ ವಾರ್ಷಿಕ ಸರಾಸರಿ ಮಳೆ 4,000 ಮಿಲಿಮೀಟರ್ ಮೀರುತ್ತದೆ. ತಂತಿಯ ತುದಿಯ ಲೋಹದ ಕಡ್ಡಿಗಳು ಕಿಲುಬು ಹಿಡಿದು ಹಸಿರಾಗುವುದರಿಂದ ಸಂಪರ್ಕ ಬಂದು ಬಂದು ಹೋಗುತ್ತದೆ. ಅಂತಹ ತುದಿಯನ್ನು ಕತ್ತರಿಸಿ ಹೊಸ ತುದಿ ಕ್ರಿಂಪ್ ಮಾಡಿಸುವುದೇ ಸರಿಯಾದ ಪರಿಹಾರ. ಸ್ವಿಚ್ ಮತ್ತು ರೌಟರನ್ನು ಕಿಟಕಿಯ ಬಳಿ ಅಥವಾ ನೀರು ಒಸರುವ ಗೋಡೆಗೆ ತಾಗಿಸಿ ಇಡತಕ್ಕದ್ದಲ್ಲ.

ಗಾಳಿ ಮತ್ತು ಅಗೆತ: ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಮೇಲೆ ತೆಂಗಿನ ಮಡಲು ಬಿದ್ದು ಲೈನು ತುಂಡಾಗುವುದುಂಟು. ನೆಲದಡಿಯ ಲೈನುಗಳು ರಸ್ತೆ ಹಾಗೂ ಕೊಳವೆ ಕಾಮಗಾರಿಗಳಿಂದ ತುಂಡಾಗುತ್ತವೆ. ಅಗೆಯುವ ಮೊದಲು ಲೈನಿನ ಮಾಲೀಕರಿಗೆ ತಿಳಿಸಲು ಕೇಂದ್ರ ಸರ್ಕಾರವು 2023ರ ಮಾರ್ಚ್ 22ರಂದು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ತಂತ್ರಾಂಶವನ್ನು ಜಾರಿಗೆ ತಂದಿದೆ. ತುಂಡಾದ ತಂತಿ ವಿದ್ಯುತ್ ಕಂಬಕ್ಕೆ ತಾಗಿಕೊಂಡಿದ್ದಲ್ಲಿ ಅದನ್ನು ಮುಟ್ಟದೆ ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸತಕ್ಕದ್ದು.

7. ದೂರು ಸಲ್ಲಿಸುವ ವಿಧಾನ

7.1 ದೋಷವನ್ನು ಮೊದಲು ನಿಲಯ ಪಾಲಕರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ದೂರಿನಲ್ಲಿ ಈ ಕೆಳಕಂಡ ವಿವರಗಳಿರತಕ್ಕದ್ದು.

(1) ಸಂಪರ್ಕ ಹೋದ ದಿನಾಂಕ ಮತ್ತು ಸಮಯ.
(2) ಒಂದೇ ಗಣಕಯಂತ್ರವೇ, ಮಹಡಿಯೇ, ಇಡೀ ನಿಲಯವೇ ಎಂಬ ವಿವರ.
(3) ಒಎನ್‌ಟಿ ದೀಪಗಳ ಸ್ಥಿತಿ.
(4) ಐಪಿ ವಿಳಾಸ ಹಾಗೂ ಪಿಂಗ್ ಪರೀಕ್ಷೆಯ ಫಲಿತಾಂಶ.
(5) ಯಾವುದಾದರೂ ಅರ್ಜಿಯ ಕೊನೆಯ ದಿನಾಂಕ ಸಮೀಪಿಸಿದ್ದಲ್ಲಿ ಆ ದಿನಾಂಕ.

‘ನೆಟ್ ಬರುತ್ತಿಲ್ಲ’ ಎಂಬ ದೂರಿಗಿಂತ ‘ಬೆಳಿಗ್ಗೆ 6 ಗಂಟೆಯಿಂದ ಇಡೀ ನಿಲಯದಲ್ಲಿ ಸಂಪರ್ಕವಿಲ್ಲ, ಎಲ್‌ಒಎಸ್ ಕೆಂಪು ಉರಿಯುತ್ತಿದೆ’ ಎಂಬ ದೂರಿಗೆ ತಂತ್ರಜ್ಞರು ಸರಿಯಾದ ಸಲಕರಣೆಯೊಂದಿಗೆ ನೇರವಾಗಿ ಲೈನಿಗೇ ಬರಲು ಸಾಧ್ಯವಾಗುತ್ತದೆ.

7.2 ಸೇವಾದಾರ ಸಂಸ್ಥೆಗೆ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರೇ, ಸಾಮಾನ್ಯವಾಗಿ ನಿಲಯದ ಆಡಳಿತವೇ, ದೂರು ದಾಖಲಿಸತಕ್ಕದ್ದು. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ಗ್ರಾಹಕರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಪ್ರತ್ಯೇಕ ಸಂಖ್ಯೆ ನೀಡುವುದು ಕಡ್ಡಾಯ. ಸಂಖ್ಯೆ ಇಲ್ಲದ ಮೌಖಿಕ ದೂರನ್ನು ಮುಂದಿನ ಹಂತದಲ್ಲಿ ರುಜುವಾತುಪಡಿಸಲಾಗದು.

7.3 ನಿಗದಿತ ಅವಧಿಯಲ್ಲಿ ಪರಿಹಾರ ದೊರೆಯದಿದ್ದಲ್ಲಿ ಅಥವಾ ಪರಿಹಾರ ತೃಪ್ತಿಕರವಾಗಿಲ್ಲದಿದ್ದಲ್ಲಿ, 30 ದಿನಗಳೊಳಗೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಅದನ್ನು 39 ದಿನಗಳೊಳಗೆ ಇತ್ಯರ್ಥಪಡಿಸತಕ್ಕದ್ದು.

7.4 ಇದಲ್ಲದೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವನ್ನೂ ಸಂಪರ್ಕಿಸಬಹುದಾಗಿದೆ. ದೂರಸಂಪರ್ಕ ಸೇವೆಯ ಕುಂದುಕೊರತೆಗಳನ್ನು ವಿಚಾರಿಸಲು ಗ್ರಾಹಕ ವೇದಿಕೆಗಳಿಗೆ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ.

8. ಅರ್ಜಿಯ ಕೊನೆಯ ದಿನ ಸಂಪರ್ಕ ಇಲ್ಲದಿದ್ದಲ್ಲಿ

ದೂರಿನ ಪ್ರಕ್ರಿಯೆಗೆ ದಿನಗಳು ಬೇಕಾಗುವುದರಿಂದ ಅರ್ಜಿದಾರರು ದುರಸ್ತಿಗಾಗಿ ಕಾಯದೆ ಪರ್ಯಾಯ ದಾರಿಯನ್ನು ಹಿಡಿಯತಕ್ಕದ್ದು.

- ಮೊಬೈಲ್ ಹಾಟ್‌ಸ್ಪಾಟ್ ಬಳಸಬಹುದು. ಗಣಕಯಂತ್ರದಲ್ಲಿ ವೈಫೈ ಇಲ್ಲದಿದ್ದರೂ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ, ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಆಯ್ಕೆ ಮಾಡಿದಲ್ಲಿ ಸಂಪರ್ಕ ದೊರೆಯುತ್ತದೆ. ಅರ್ಜಿ ಭರ್ತಿಗೆ ಹೆಚ್ಚು ಡೇಟಾ ಬೇಕಾಗುವುದಿಲ್ಲ.
- ಕಾಲೇಜಿನ ಗಣಕಯಂತ್ರ ಪ್ರಯೋಗಾಲಯ ಅಥವಾ ಸಮೀಪದ ಗ್ರಾಮ ಒನ್ ಕೇಂದ್ರವನ್ನು ಸಂಪರ್ಕಿಸಬಹುದು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗೆ ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ನೇರವಾಗಿಯೂ ಅರ್ಜಿ ಸಲ್ಲಿಸಬಹುದಾಗಿದೆ.
- ಆಧಾರ್ ಸಂಖ್ಯೆ, ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಶುಲ್ಕ ರಸೀದಿಗಳನ್ನು ಮೊದಲೇ ಒಂದೆಡೆ ಸಿದ್ಧವಾಗಿಟ್ಟುಕೊಂಡು, ಆಧಾರ್‌ಗೆ ಜೋಡಣೆಯಾದ ಮೊಬೈಲನ್ನು ಜೊತೆಗೆ ಒಯ್ಯತಕ್ಕದ್ದು. ಒಟಿಪಿ ಬರುವುದು ಆ ಸಂಖ್ಯೆಗೇ.
- ಬೇರೆಯವರ ಗಣಕಯಂತ್ರ ಬಳಸಿದಲ್ಲಿ ಕೆಲಸ ಮುಗಿದ ಮೇಲೆ ಖಾತೆಯಿಂದ ಹೊರಬಂದು, ಅಲ್ಲಿ ಉಳಿದ ದಾಖಲೆಗಳ ಪ್ರತಿಗಳನ್ನು ಅಳಿಸತಕ್ಕದ್ದು.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅರ್ಜಿ ಸಲ್ಲಿಸುವ ಗುಂಡಿ ಒತ್ತಿದ ಕ್ಷಣದಲ್ಲೇ ಸಂಪರ್ಕ ಹೋದಲ್ಲಿ ಏನು ಮಾಡಬೇಕು?
ಉತ್ತರ: ಸಂಪರ್ಕ ಬಂದ ನಂತರ ಮತ್ತೆ ಖಾತೆಗೆ ಪ್ರವೇಶಿಸಿ ಅರ್ಜಿಯ ಸ್ಥಿತಿಯನ್ನು ನೋಡತಕ್ಕದ್ದು. ಸ್ವೀಕೃತಿ ಸಂಖ್ಯೆ ಕಂಡಲ್ಲಿ ಮಾತ್ರ ಅರ್ಜಿ ಸಲ್ಲಿಕೆಯಾಗಿದೆ. ಸ್ಥಿತಿ ನೋಡದೆ ಎರಡನೆಯ ಬಾರಿ ಸಲ್ಲಿಸತಕ್ಕದ್ದಲ್ಲ.

ಪ್ರಶ್ನೆ: ವಿದ್ಯುತ್ ಬಂದಿದ್ದರೂ ಅಂತರ್ಜಾಲ ಬಂದಿಲ್ಲ, ಏಕೆ?
ಉತ್ತರ: ರೌಟರ್‌ಗೆ ಮೊದಲೇ ಚಾಲನೆ ದೊರೆತು ಒಎನ್‌ಟಿ ತಡವಾಗಿ ಸಿದ್ಧವಾದಾಗ ಹೀಗಾಗುವುದುಂಟು. 4.6ರಲ್ಲಿ ಹೇಳಿದ ಕ್ರಮವನ್ನು ಅನುಸರಿಸತಕ್ಕದ್ದು.

ಪ್ರಶ್ನೆ: ಸಂಪರ್ಕ ಸರಿಪಡಿಸುವುದಾಗಿ ಕರೆ ಮಾಡಿದವರು ಒಟಿಪಿ ಅಥವಾ ಮೊಬೈಲಿಗೆ ಹೊಸ ತಂತ್ರಾಂಶ ಹಾಕಿಕೊಳ್ಳುವಂತೆ ಕೇಳಿದರೆ?
ಉತ್ತರ: ನೀಡತಕ್ಕದ್ದಲ್ಲ. ಸಂಪರ್ಕದ ದುರಸ್ತಿಗೆ ಬ್ಯಾಂಕ್ ಅಥವಾ ಆಧಾರ್ ಒಟಿಪಿ ಅಗತ್ಯವಿಲ್ಲ. ಹಣ ಕಳೆದುಕೊಂಡಿದ್ದಲ್ಲಿ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

ಪ್ರಶ್ನೆ: ದುರಸ್ತಿ ಆದ ಮೇಲೆ ದೂರಿನ ವಿವರವನ್ನು ಇಟ್ಟುಕೊಳ್ಳಬೇಕೆ?
ಉತ್ತರ: ಇಟ್ಟುಕೊಳ್ಳುವುದು ಸೂಕ್ತ. ದೋಷದ ದಿನಾಂಕ, ಕಾರಣ ಮತ್ತು ಪರಿಹಾರವನ್ನು ಒಂದು ಪುಸ್ತಕದಲ್ಲಿ ಬರೆದು ಗಣಕಯಂತ್ರ ಕೊಠಡಿಯಲ್ಲಿ ಇರಿಸಿದಲ್ಲಿ, ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಅದೇ ದೋಷವನ್ನು ಪತ್ತೆಹಚ್ಚಲು ಅನುಕೂಲವಾಗುತ್ತದೆ.